ಬಾಕಿ ಉಳಿದ ನೋಂಬು

ಕೋಲ್ಮನ್ ಸಾಹೇಬರಿಗೆ ನಾನು ವಾರವಿಡೀ ಬೆಂಡೆಕಾಯಿ ಬೇಯಿಸಿ ಹಾಕಿದೆ. ಈಗ ನೆನೆದರೆ ನಗು ಬರುತ್ತದೆ. ಆಗ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ, ಅವರಂತೂ ಮೊದಲೇ ಇರಲಿಲ್ಲ.

ನಾನು ನಸೀಮ, ಹೋಮ್ ನರ್ಸ್. ಊರು ವಿಟ್ಲದ ಹತ್ತಿರ, ಕೆಲಸ ಗಲ್ಫಿನ ಅಲ್ ಐನ್‌ನಲ್ಲಿ. ಏಜೆನ್ಸಿಯವರು ಯಾವ ಮನೆಗೆ ಹೋಗು ಎನ್ನುತ್ತಾರೋ ಆ ಮನೆಗೆ ಹೋಗಿ, ಅಲ್ಲಿಯ ಹಿರಿಯರನ್ನು ಮೀಯಿಸಿ, ಉಣಿಸಿ, ಮದ್ದು ಕೊಟ್ಟು, ಅವರು ಗುಣವಾದರೆ ಅಥವಾ ತೀರಿಕೊಂಡರೆ ಪೆಟ್ಟಿಗೆ ಎತ್ತಿಕೊಂಡು ಮುಂದಿನ ಮನೆಗೆ ನಡೆಯುವುದು ನನ್ನ ಬದುಕು. ಗಂಡ ಇಲ್ಲ. ಮಗಳು ಫರ್ಝಾನ ಮಂಗಳೂರಿನ ಹಾಸ್ಟೆಲ್‌ನಲ್ಲಿದ್ದು ಓದುತ್ತಾಳೆ. ಫೋನಿನಲ್ಲಿ ನಾನು ಬ್ಯಾರಿಯಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಹಾಗಾಗಿ ನನ್ನ ಭಾಷೆಗೆ ಈ ದೇಶದಲ್ಲಿ ಹೆಚ್ಚು ಕೆಲಸವಿಲ್ಲ. ಅಡುಗೆಮನೆಯಲ್ಲಿ ತಳ ಹಿಡಿದ ಪಾತ್ರೆಗೆ ಬೈಯುವುದಕ್ಕೆ ಬಳಸುತ್ತೇನೆ.

ಸಾಹೇಬರು ಐರ್ಲೆಂಡ್‌ನವರು. ಅಲ್ ಐನ್‌ನಲ್ಲಿ ಇಷ್ಟೊಂದು ರಸ್ತೆಗಳಿಲ್ಲದ ಕಾಲದಲ್ಲಿ ಬೋರ್‌ವೆಲ್ ಕೊರೆಸುವ ಎಂಜಿನಿಯರ್ ಆಗಿ ಬಂದು ಇಲ್ಲೇ ಉಳಿದವರು. ಹೆಂಡತಿ ಇಂಗ್ಲೆಂಡಿನವರು, ತೀರಿಕೊಂಡು ವರ್ಷಗಳಾಗಿದ್ದವು. ಒಬ್ಬನೇ ಮಗ ಕೆವಿನ್‌ಗೆ ಅಬುಧಾಬಿಯಲ್ಲಿ ಕೆಲಸ. ಶನಿವಾರ ಬಂದು ಭಾನುವಾರ ಹೋಗುತ್ತಿದ್ದ. ಲಕ್ವ ಹೊಡೆದು ಸಾಹೇಬರ ಬಲಗೈ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಆಸ್ಪತ್ರೆಯಲ್ಲಿ ಮೂಗಿಗೆ ಹಾಕಿದ ಟ್ಯೂಬನ್ನು ಎಡಗೈಯಿಂದ ಕಿತ್ತು ಎಸೆದರಂತೆ. ಮತ್ತೆ ಹಾಕಿದರು, ಮತ್ತೆ ಕಿತ್ತರು. ಕೊನೆಗೆ ಆ ಇದ್ದ ಒಂದು ಕೈಗೂ ಚೀಲದಂಥ ಗವಸು ತೊಡಿಸಿ ಮಂಚಕ್ಕೆ ಕಟ್ಟಿದರು. ನಾನು ಅವರನ್ನು ಮನೆಗೆ ಕರೆತರಲು ಹೋದ ದಿನ ಮಣಿಕಟ್ಟಿನ ಮೇಲೆ ಪಟ್ಟಿಯ ಗುರುತು ಇನ್ನೂ ಕೆಂಪಗಿತ್ತು.

ಮನೆಗೆ ಬಂದ ಮೇಲೆ ಚೆನ್ನಾಗಿಯೇ ತಿನ್ನುತ್ತಿದ್ದರು. ಬೇಯಿಸಿ ಹಿಸುಕಿದ ಆಲೂಗಡ್ಡೆ, ಮುಳ್ಳು ತೆಗೆದ ಮೀನು, ಮೊಸರು. ಕೆನ್ನೆ ತುಂಬಿಕೊಂಡಿತು. ಡಾಕ್ಟರರು ನನ್ನನ್ನು ಹೊಗಳಿದರು, ನಾನೂ ಸ್ವಲ್ಪ ಉಬ್ಬಿದೆ. ಅಷ್ಟರಲ್ಲಿ ರಂಝಾನ್ ಬಂತು. ಆ ವಾರವೇ ಸಾಹೇಬರು ಬಾಯಿ ಮುಚ್ಚಿಬಿಟ್ಟರು.

ಮೊದಲು ಉಪ್ಪು ಹೆಚ್ಚು ಕಡಿಮೆಯಾಗಿರಬೇಕು ಎಂದುಕೊಂಡೆ. ನೋಂಬು, ಅಂದರೆ ರಂಝಾನಿನ ಉಪವಾಸ, ಹಿಡಿದಿದ್ದರಿಂದ ರುಚಿ ನೋಡುವಂತಿರಲಿಲ್ಲ, ಅಂದಾಜಿನಲ್ಲಿ ಹಾಕುತ್ತಿದ್ದೆ. ಉಪ್ಪು ಕಡಿಮೆ ಮಾಡಿದೆ, ಆಗಲಿಲ್ಲ. ಹೊಸ ಮಾತ್ರೆಯ ದೋಷವೇ ಎಂದು ಡಾಕ್ಟರರನ್ನು ಕೇಳಿ ಅದನ್ನು ನಿಲ್ಲಿಸಿಯೂ ಆಯಿತು. ನಾನು ಚಮಚ ಎತ್ತಿದರೆ ಸಾಕು, ಸಾಹೇಬರು ನನ್ನ ಮುಖ ನೋಡಿ, ಚಮಚ ನೋಡಿ, ಎಡಗೈಯಿಂದ ಅದನ್ನು ಮೆಲ್ಲಗೆ ನನ್ನ ಕಡೆಗೇ ದೂಡುತ್ತಿದ್ದರು. ಕೋಪವಿಲ್ಲ, ಹಟವಿಲ್ಲ. ಮನೆಗೆ ಬಂದವರಿಗೆ ತಟ್ಟೆ ಸರಿಸುವ ಹಾಗೆ ದೂಡುವುದು. ಆಮೇಲೆ ಗಂಟಲಿನೊಳಗಿನಿಂದ ಒಂದು ಮಾತು ಬರುತ್ತಿತ್ತು.

"ಓಕ್ರಸ್."

ಅದರ ಹಿಂದೆ ಒಂದು ನಿಟ್ಟುಸಿರು. ಎರ್‌ಹಿ ಎಂಬಂಥ ಒಂದು ಸದ್ದು.

ಲಕ್ವ ಹೊಡೆದವರಿಗೆ ಬಾಯಿಗೆ ಬಂದದ್ದು ಬರುತ್ತದೆ, ಅದಕ್ಕೆ ಅರ್ಥವಿರುವುದಿಲ್ಲ ಎಂದು ಮಾತು ಕಲಿಸಲು ಬರುತ್ತಿದ್ದ ಹುಡುಗಿ ಹೇಳಿದ್ದಳು. ನನಗೆ ಮಾತ್ರ ಅರ್ಥ ಇದೆ ಎಂದೇ ಅನಿಸಿತು. ಸೂಪರ್ ಮಾರ್ಕೆಟ್ಟಿನ ತರಕಾರಿ ಬದಿಯಲ್ಲಿ ಬೆಂಡೆಕಾಯಿಯ ರಾಶಿಯ ಮೇಲೆ ಏನು ಬರೆದಿರುತ್ತಾರೆ? ಓಕ್ರಾ. ಒಂದಕ್ಕಿಂತ ಹೆಚ್ಚು ಬೇಕಾದರೆ ಓಕ್ರಾಸ್. ನಲ್ವತ್ತು ವರ್ಷ ಈ ದೇಶದಲ್ಲಿದ್ದ ಮನುಷ್ಯ, ಅರಬರ ಮನೆಯ ಬೆಂಡೆಕಾಯಿ ಸಾರಿನ ಆಸೆಯಾಗಿರಬೇಕು. ಎಷ್ಟು ಬುದ್ಧಿವಂತೆ ನಾನು!

ಮರುದಿನದಿಂದ ಶುರು. ಟೊಮೆಟೊ ಹಾಕಿ ಬೇಯಿಸಿದೆ, ಹುರಿದೆ, ಕೊನೆಗೆ ನಮ್ಮೂರಿನ ಹಾಗೆ ತೆಂಗಿನಕಾಯಿ ಅರೆದು ಹುಳಿಯನ್ನೂ ಮಾಡಿದೆ. ತರಕಾರಿ ತೂಗುವ ಲಿಯೊನೆಲ್ ಕಿನ್ನಿಗೋಳಿಯವರು, ನನ್ನನ್ನು ಕಂಡರೆ ಸುಮ್ಮನಿರುವವರಲ್ಲ.

"ಎಂತ ನಸೀಮಕ್ಕ, ಇವತ್ತೂ ಬೆಂಡೆಯಾ? ಸಾಹೇಬ್ರಿಗೆ ಬಯಕೆಯಾ ಹೇಗೆ?"

"ತೂಗಿ ಮಾರಾಯ್ರೆ, ನನ್ನ ತಲೆ ತಿನ್ಬೇಡಿ."

"ನೀವು ನೋಂಬಲ್ಲಿ ಇದ್ದೀರಿ ಅಲ್ವಾ, ಅದಕ್ಕೆ ತಲೆ ಬಿಸಿ."

ನೋಂಬಿಗೂ ತಲೆಬಿಸಿಗೂ ಸಂಬಂಧವಿರಲಿಲ್ಲ. ಎದುರಿಗೊಬ್ಬ ಮನುಷ್ಯ ದಿನದಿಂದ ದಿನಕ್ಕೆ ಸೊರಗುತ್ತಿದ್ದಾನೆ, ಅವನ ಊಟ ನನ್ನ ಕೈಯಲ್ಲಿದೆ, ಅವನು ತಿನ್ನುತ್ತಿಲ್ಲ. ಬೆಂಡೆಕಾಯಿಯನ್ನು ಕಂಡು ಸಾಹೇಬರು ಒಮ್ಮೆ ಹುಬ್ಬು ಎತ್ತಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ನಾಲ್ಕು ಗುಟುಕು ನೀರು, ಎರಡು ಚಮಚ ಮೊಸರು, ಅದೂ ಸಂಜೆ ಕತ್ತಲಾಗುವಾಗ. ಕೆವಿನ್ ಶನಿವಾರ ಬಂದು ಫ್ರಿಜ್ ತೆರೆದವನು, "ಅಪ್ಪನಿಗೆ ಓಕ್ರಾ ಕಂಡರೆ ಮೊದಲಿನಿಂದಲೂ ಆಗುವುದಿಲ್ಲ" ಎಂದ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಡಾಕ್ಟರರು ಬಂದು ತೂಕ ನೋಡಿದರು. ಗುರುವಾರದವರೆಗೆ ಕಾಯೋಣ ಎಂದರು. ಅಷ್ಟರೊಳಗೆ ಹಗಲು ಹೊತ್ತು ಬಾಯಿಯಿಂದ ಸರಿಯಾಗಿ ತಿನ್ನದಿದ್ದರೆ ಆಸ್ಪತ್ರೆಗೆ ಸೇರಿಸಿ ಹೊಟ್ಟೆಗೇ ಟ್ಯೂಬ್ ಹಾಕಬೇಕು. ಹಾಕಿದ ಮೇಲೆ ಮನೆಯಲ್ಲಿ ಇರಿಸುವುದು ಕಷ್ಟ, ಅಬುಧಾಬಿಯಲ್ಲಿ ಇಂಥವರನ್ನು ನೋಡಿಕೊಳ್ಳುವ ಜಾಗಗಳಿವೆ. ಕೆವಿನ್ ಕೇಳಿದ್ದು ಒಂದೇ ಪ್ರಶ್ನೆ: "ಕೈ ಕಟ್ಟಬೇಕಾಗುತ್ತದೆಯೇ?" ಡಾಕ್ಟರರು, "ಕೀಳದಂತೆ ನೋಡಿಕೊಳ್ಳಬೇಕಲ್ಲ" ಎಂದರು. ಸಾಹೇಬರು ಕಿಟಕಿಯ ಬಳಿ ಕುಳಿತು ಅಂಗಳದ ಖರ್ಜೂರದ ಮರ ನೋಡುತ್ತಿದ್ದರು. ಅವರ ಎಡಗೈ ತೊಡೆಯ ಮೇಲೆ ಬಿಡುವಾಗಿ ಬಿದ್ದುಕೊಂಡಿತ್ತು. ನಾನು ಆ ಕೈಯನ್ನೇ ನೋಡಿದೆ. ಅದನ್ನು ಕಟ್ಟಲು ಬಿಡಬಾರದು ಎಂದು ನನಗೆ ಆ ಕ್ಷಣ ಅನಿಸಿದಷ್ಟು ಬಲವಾಗಿ ಯಾವುದೂ ಅನಿಸಿರಲಿಲ್ಲ. ನನ್ನ ಸ್ವಂತದವರ ವಿಷಯದಲ್ಲೂ ಇಲ್ಲ.

ಅವರ ಆ ಮಾತನ್ನು ನಾನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೆವಿನ್‌ಗೆ ಕಳಿಸಿದ್ದೆ. ಅವನು ಅದನ್ನು ಹಲವು ಸಲ ಕೇಳಿದನಂತೆ. ಭಾನುವಾರ ಹೊರಡುವ ಮೊದಲು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಇದು ಐರಿಷ್ ಭಾಷೆ ಇರಬಹುದು" ಎಂದ.

ನನಗೆ ಆಶ್ಚರ್ಯ. ಬಿಳಿಯರೆಲ್ಲ ಇಂಗ್ಲಿಷಿನಲ್ಲೇ ಹುಟ್ಟಿ ಇಂಗ್ಲಿಷಿನಲ್ಲೇ ಸಾಯುತ್ತಾರೆ ಎಂದು ತಿಳಿದಿದ್ದವಳು ನಾನು. "ನಿಮಗೆ ಬರುವುದಿಲ್ಲವೇ?" ಎಂದೆ.

"ಇಲ್ಲ. ಅಪ್ಪ ಅದನ್ನು ಆಡಿದ್ದನ್ನೇ ನಾನು ಕೇಳಿಲ್ಲ. ಅವರ ಊರಿನಲ್ಲಿ ಎಲ್ಲರಿಗೂ ಅದೇ ಮನೆಮಾತು. ಅಮ್ಮನಿಗೆ ಬರುತ್ತಿರಲಿಲ್ಲ, ಹಾಗಾಗಿ ನಮ್ಮ ಮನೆಯಲ್ಲಿ ಇರಲಿಲ್ಲ." ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡ. "ಆ ಊರಿನಲ್ಲಿ ಒಬ್ಬಳು ಅತ್ತೆ ಇದ್ದಾಳೆ, ಅಪ್ಪನ ಒಡಹುಟ್ಟಿದವಳು, ಬ್ರೀಡ್. ಅಮ್ಮ ಹೋದ ಮೇಲೆ ನಾನು ಅವಳಿಗೆ ಒಂದು ಫೋನ್ ಕೂಡ ಮಾಡಿಲ್ಲ. ಯಾವ ಮುಖ ಇಟ್ಟುಕೊಂಡು ಮಾಡಲಿ?"

"ಇರುವ ಮುಖ ಇಟ್ಟುಕೊಂಡೇ ಮಾಡಿ" ಎಂದೆ. ನನ್ನ ಬಾಯಿ ಹೀಗೆಯೇ. ಏಜೆನ್ಸಿಗೆ ದೂರು ಹೋಗದೆ ಉಳಿದದ್ದು ದೊಡ್ಡದು.

ಕೆವಿನ್ ಆ ರಾತ್ರಿಯೇ ಅತ್ತೆಗೆ ಫೋನ್ ಮಾಡಿ ರೆಕಾರ್ಡಿಂಗ್ ಕಳಿಸಿದ್ದನಂತೆ. ಮರುದಿನ ಬೆಳಿಗ್ಗೆ ಬ್ರೀಡ್ ನನಗೇ ವಿಡಿಯೊ ಕಾಲ್ ಮಾಡಿದರು. ಬಿಳಿ ಕೂದಲು, ಕೆಂಪು ಕೆನ್ನೆ, ಹಿಂದೆ ಒಂದು ಸಣ್ಣ ಕಿಟಕಿ, ಅದರಾಚೆ ಕಲ್ಲಿನ ಗೋಡೆಗಳು. ನಮಸ್ಕಾರ ಗಿಮಸ್ಕಾರ ಒಂದೂ ಇಲ್ಲ. "ಅಲ್ಲಿ ಹೆಂಗಸು ಯಾರಿದ್ದಾರೆ?" ಎಂದು ಕೇಳಿದರು.

"ಯಾವ ಹೆಂಗಸು ಮೇಡಂ?"

"ಅವನು ತನಗೆ ಹಸಿವು ಎಂದು ಹೇಳುತ್ತಿಲ್ಲ. ಓಕ್ರಸ್ ಎಂದರೆ ಹಸಿವು. ಎರ್‌ಹಿ ಎಂದರೆ ಅವಳ ಮೇಲೆ. ನಮ್ಮಲ್ಲಿ ಹಸಿವು ಒಬ್ಬರ ಮೇಲೆ ಇರುತ್ತದೆ. ಅವಳ ಮೇಲೆ ಹಸಿವಿದೆ, ಅವಳಿಗೆ ಹಸಿವಾಗಿದೆ ಎನ್ನುತ್ತಿದ್ದಾನೆ. ಯಾರವಳು?"

ನಾನು ಸುತ್ತ ನೋಡಿದೆ. ಆ ಮನೆಯಲ್ಲಿ ಸಾಹೇಬರನ್ನು ಬಿಟ್ಟರೆ ನಾನು, ಗೋಡೆಯ ಮೇಲೆ ಸತ್ತ ಹೆಂಡತಿಯ ಫೋಟೊ.

"ನಾನೇ ಇರಬೇಕು" ಎಂದೆ.

"ನೀನು ಅವನ ಎದುರು ಉಣ್ಣುತ್ತೀಯಾ?"

"ಈಗ ರಂಝಾನ್ ಮೇಡಂ. ನೋಂಬು. ಹಗಲಲ್ಲಿ ನಾನು ಏನೂ ತಿನ್ನುವುದಿಲ್ಲ. ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಆದ ಮೇಲೆ ಅಡುಗೆಮನೆಯಲ್ಲಿ ಸ್ವಲ್ಪ ಏನಾದರೂ."

"ಅಡುಗೆಮನೆಯ ಬಾಗಿಲು?"

ಅದನ್ನು ಏಕೆ ಕೇಳುತ್ತಾರೆ ಎಂದು ತಿಳಿಯಲಿಲ್ಲ. "ಮುಚ್ಚಿಕೊಳ್ಳುತ್ತೇನೆ. ಮೀನು ಹುರಿದ ವಾಸನೆ ಹೊರಗಿನ ಕೋಣೆಗೆ ಬರಬಾರದಲ್ಲ" ಎಂದೆ.

ಬ್ರೀಡ್ ಕಣ್ಣು ಮುಚ್ಚಿಕೊಂಡರು. ಆಮೇಲೆ ಹೇಳಿದರು. ಅವರ ಇಂಗ್ಲಿಷ್ ಅರ್ಧ ನನಗೆ ತಿಳಿಯದ ರಾಗದಲ್ಲಿತ್ತು, ಆದರೂ ಒಂದು ಮಾತೂ ತಪ್ಪಿಹೋಗಲಿಲ್ಲ.

ಅವರ ಊರಿನಲ್ಲಿ ಹಿಂದೆ, ಅಜ್ಜಿಯ ಅಜ್ಜಿಯ ಕಾಲದಲ್ಲಿ, ಆಲೂಗಡ್ಡೆಯ ಬೆಳೆ ಮಣ್ಣಿನೊಳಗೇ ಕೊಳೆತುಹೋಯಿತಂತೆ. ಒಂದು ವರ್ಷವಲ್ಲ, ಮೇಲಿಂದ ಮೇಲೆ. ಊರಿನವರು ಅದನ್ನು ಬರ ಎಂದು ಕರೆಯುವುದಿಲ್ಲ, ಕೆಟ್ಟ ಬದುಕು ಎನ್ನುತ್ತಾರೆ. ಇವರ ಮನೆಯಲ್ಲಿ ಒಂದು ಸಣ್ಣ ಚೀಲ ಇಂಡಿಯನ್ ಮೀಲ್ ಉಳಿದಿತ್ತು.

"ನಮ್ಮೂರಿನ ಊಟವೇ?" ಎಂದು ನಾನು ನಡುವೆ ಬಾಯಿ ಹಾಕಿದೆ.

"ಅಲ್ಲಮ್ಮ, ಅಮೆರಿಕದಿಂದ ಬಂದ ಮೆಕ್ಕೆಜೋಳದ ಹಿಟ್ಟು. ಅದಕ್ಕೆ ನಾವು ಹಾಗೆ ಹೆಸರಿಟ್ಟಿದ್ದೆವು."

ಕತ್ತಲಾದ ಮೇಲೆ ಆ ಹಿಟ್ಟಿನ ಗಂಜಿ ಕಾಯಿಸಿ, ಬಾಗಿಲಿಗೆ ಅಡ್ಡ ಹಾಕಿ ಉಣ್ಣುತ್ತಿದ್ದರು. ಒಂದು ದಿನ ಪಕ್ಕದ ಮನೆಯ ಹೆಂಗಸು ಬಂದು ಹೊಸಿಲಿನ ಮೇಲೆ ಕುಳಿತಳು. ಬಾಗಿಲು ತಟ್ಟಲಿಲ್ಲ. ಒಳಗಿದ್ದವರಿಗೆ ಅವಳು ಕುಳಿತದ್ದು ಗೊತ್ತಿತ್ತು. ಚಮಚ ಬಟ್ಟಲಿಗೆ ತಾಗಿ ಸದ್ದಾಗದ ಹಾಗೆ, ಮಕ್ಕಳ ಬಾಯಿಗೆ ಕೈ ಅಡ್ಡ ಹಿಡಿದು ಉಂಡರು. ಬೆಳಿಗ್ಗೆ ಅವಳು ಬಾವಿಯ ಬಳಿ ಗೋಡೆಯ ಬುಡದಲ್ಲಿ ಸಿಕ್ಕಿದಳು.

"ಒಳಗಿದ್ದವರು ಬದುಕಿದರು" ಎಂದರು ಬ್ರೀಡ್. "ಅವರ ಮಕ್ಕಳ ಮಕ್ಕಳು ನಾವು. ಅವಳ ಬಾಯಿಗೆ ಬೀಳದ ಗಂಜಿಯಿಂದ ಹುಟ್ಟಿದವರು. ಆಮೇಲೆ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಬಾಗಿಲು ಹಾಕುವುದಿಲ್ಲ. ಉಣ್ಣದವರೊಬ್ಬರು ಎದುರಿಗಿದ್ದರೆ ತುತ್ತು ಎತ್ತುವುದಿಲ್ಲ. ಊರಿನಲ್ಲಿ ಇದನ್ನು ಯಾರೂ ದೊಡ್ಡದಾಗಿ ಹೇಳಿಕೊಳ್ಳುವುದಿಲ್ಲ, ಹೇಳಿಕೊಳ್ಳಲು ಏನು ಮರ್ಯಾದೆಯ ವಿಷಯವೇ? ಕೋಲ್ಮನ್ ಹುಡುಗನಾಗಿದ್ದಾಗ ಇದನ್ನು ಗೇಲಿ ಮಾಡುತ್ತಿದ್ದ. ಮುದುಕಿಯರ ಹುಚ್ಚು ಎನ್ನುತ್ತಿದ್ದ. ಈಗ ನೋಡು, ಎಲ್ಲ ಮರೆತು ಅವನಲ್ಲಿ ಉಳಿದಿರುವುದು ಅದೊಂದೇ."

ಈ ಊರಿನಲ್ಲಿ ನಲ್ವತ್ತು ರಂಝಾನ್ ಕಂಡ ಮನುಷ್ಯ ಅವರು. ಅರಬರ ಮನೆಯ ಇಫ್ತಾರಿಗೆ ಹೋಗಿ ನೆಲದ ಮೇಲೆ ಕುಳಿತು ಉಂಡ ಫೋಟೊಗಳು ಹೊರಗಿನ ಕೋಣೆಯಲ್ಲೇ ಇದ್ದವು. ಅದೆಲ್ಲ ಅಳಿಸಿಹೋಗಿತ್ತು. ಅವರ ಕಣ್ಣಿಗೆ ಕಾಣುತ್ತಿದ್ದದ್ದು ಇಷ್ಟೇ: ಒಬ್ಬಳು ಹೆಂಗಸು ಹಗಲಿಡೀ ಹಸಿದ ಮುಖ ಹೊತ್ತು ಎದುರು ನಿಲ್ಲುತ್ತಾಳೆ, ತನಗೆ ಮಾತ್ರ ತಿನ್ನಿಸಲು ನೋಡುತ್ತಾಳೆ.

ಮತ್ತೆ ನನಗೆ ಹೊಳೆಯಿತು. ರಂಝಾನಿಗೆ ಮೊದಲು ನಾನು ಅವರ ಜೊತೆಗೇ ಉಣ್ಣುತ್ತಿದ್ದೆ. ಏಜೆನ್ಸಿಯ ನಿಯಮಕ್ಕೆ ಅದು ವಿರುದ್ಧ. ಆದರೆ ಮೊದಲ ದಿನವೇ ಸಾಹೇಬರು ನನ್ನ ತಟ್ಟೆ ಬರುವವರೆಗೆ ಎಡಗೈಯಿಂದ ಮೇಜು ಬಡಿದಿದ್ದರು. ಒಂಟಿ ಮುದುಕನಿಗೆ ಜೊತೆ ಬೇಕು ಎಂದು ನಾನು ಕೂತಿದ್ದೆ. ನಿಜ ಹೇಳುವುದಾದರೆ ನನಗೂ ಬೇಕಿತ್ತು.

ನನ್ನ ಉಮ್ಮನ ನೆನಪಾಯಿತು. ಅವಳ ಕಾಲದಲ್ಲಿ ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಗದ್ದೆಯಲ್ಲೂ ಏನೂ ಇಲ್ಲ, ಮನೆಯಲ್ಲೂ ಏನೂ ಇಲ್ಲ. ರೇಷನ್ ಅಂಗಡಿಯಲ್ಲಿ ಸಿಗುತ್ತಿದ್ದ ಕೆಂಪು ಜೋಳ ಗಂಟಲಿಗೆ ಇಳಿಯುತ್ತಿರಲಿಲ್ಲವಂತೆ. ನಮಗೆಲ್ಲ ಬಡಿಸಿ ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿ, ಸೌಟಿನಿಂದ ಬರಿ ಪಾತ್ರೆಯನ್ನು ಗರಗರ ಕೆರೆಯುತ್ತಿದ್ದಳು. ಉಮ್ಮನೂ ಉಣ್ಣುತ್ತಿದ್ದಾಳೆ ಎಂದು ನಾವು ತಿಳಿಯಲಿ ಎಂದು. ಒಂದು ಮನೆಯಲ್ಲಿ ಉಂಡದ್ದು ಕೇಳಬಾರದು ಎಂದು ಬಾಗಿಲು ಮುಚ್ಚಿದರು, ಇನ್ನೊಂದರಲ್ಲಿ ಉಣ್ಣದ್ದು ಕಾಣಬಾರದು ಎಂದು. ಎರಡೂ ಬಾಗಿಲುಗಳ ಮೇಲೆ ನನಗೆ ಸಿಟ್ಟು ಬಂತು.

ಸೋಮವಾರ ಸಂಜೆ ಬಾಂಗ್ ಆದ ಮೇಲೆ ನನ್ನ ತಟ್ಟೆಯನ್ನು ಮೇಜಿಗೆ ತಂದೆ. ಸಾಹೇಬರು ನಾನು ಖರ್ಜೂರ ತಿನ್ನುವುದನ್ನು ನೋಡಿ ಬಾಯಿ ತೆರೆದರು. ಬೋಗುಣಿ ಖಾಲಿ. ಆದರೆ ಅದೊಂದೇ ಹೊತ್ತಿನ ಊಟ ಸಾಲದು, ಸಕ್ಕರೆ ಕಾಯಿಲೆಯ ಔಷಧಿ ಹಗಲಲ್ಲಿ ಊಟದ ಜೊತೆಗೇ ಕೊಡಬೇಕು ಎಂದು ಡಾಕ್ಟರರು ಫೋನಿನಲ್ಲಿ ಹೇಳಿದರು. ಗುರುವಾರ ಎಂದರೆ ಗುರುವಾರವೇ.

ಮಂಗಳವಾರ ಮಧ್ಯಾಹ್ನ ನಾಟಕ ಮಾಡಿದೆ. ತಟ್ಟೆಯಲ್ಲಿ ಅನ್ನ ಇಟ್ಟುಕೊಂಡು, ಬರಿ ಚಮಚ ಬಾಯಿಗಿಟ್ಟು, ಜಗಿದೆ. ಸಾಹೇಬರು ನನ್ನ ಬಾಯಿ ನೋಡಲಿಲ್ಲ, ಗಂಟಲು ನೋಡಿದರು. ಅದು ಇಳಿಯಲಿಲ್ಲ. ಅವರು ಮುಖವನ್ನು ಗೋಡೆಗೆ ತಿರುಗಿಸಿದರು. ಇಷ್ಟು ವಯಸ್ಸಾದ ಮೇಲೆ ನಾನು ಅಷ್ಟು ನಾಚಿಕೆಪಟ್ಟದ್ದಿಲ್ಲ.

ಬುಧವಾರ ನಾನು ನೋಂಬು ಮುರಿದೆ. ಬುದ್ಧಿ ಬಂದಾಗಿನಿಂದ ನಾನಾಗಿ ನೋಂಬು ಮುರಿದವಳಲ್ಲ. ಜ್ವರದಲ್ಲೂ ಹಿಡಿದಿದ್ದೇನೆ, ಗಂಡ ಸತ್ತ ವಾರವೂ ಹಿಡಿದಿದ್ದೇನೆ. ಮಸೀದಿಯ ಯಾವ ಉಸ್ತಾದರನ್ನೂ ಕೇಳಲಿಲ್ಲ. ಒಂದು ಜೀವ ಉಳಿಸಲು ಮುರಿಯಬಹುದು, ಆಮೇಲೆ ಹಿಡಿದು ತೀರಿಸಿದರಾಯಿತು ಎಂದು ಅವರು ಹೇಳಬಹುದಿತ್ತು. ಹೇಳದೆಯೂ ಇರಬಹುದಿತ್ತು. ಹೇಳದಿದ್ದರೆ ಏನು ಮಾಡುವುದು ಎಂಬ ಹೆದರಿಕೆಗೆ ಕೇಳಲಿಲ್ಲ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸಿಕೊಂಡು ಎದುರು ಕೂತು, ಬಿಸ್ಮಿ ಹೇಳಿ ಮೊದಲ ತುತ್ತು ನುಂಗಿದೆ.

ಸಾಹೇಬರು ಬಾಯಿ ತೆರೆದರು.

ನಾನು ಅಳುತ್ತಾ ಉಣ್ಣುತ್ತಿದ್ದೆ, ಉಣಿಸುತ್ತಿದ್ದೆ. ನಡುವೆ ನನ್ನ ಕೈ ನಿಂತರೆ ಮುದುಕ ನನ್ನ ತಟ್ಟೆಯ ಕಡೆ ಗದ್ದ ತೋರಿಸಿ ಕಾಯುತ್ತಿದ್ದರು. ನಾನು ನುಂಗಿದ ಮೇಲೆ ಅವರ ಸರದಿ. ಹೀಗೆ ಹಠ ಹಿಡಿದು ನನಗೆ ಉಣಿಸಿದವರು ಉಮ್ಮನ ನಂತರ ಇವರೇ. ಗುರುವಾರ ಡಾಕ್ಟರರ ಎದುರಿಗೂ ಹಾಗೆಯೇ ಉಂಡೆವು. ಆಸ್ಪತ್ರೆಯ ಮಾತು ಅಲ್ಲಿಗೆ ಖಲಾಸ್.

ಆಮೇಲೆ ರಂಝಾನ್ ಮುಗಿಯುವವರೆಗೆ ನಾನು ದಿನವೂ ಅವರ ಜೊತೆ ಹಗಲಲ್ಲಿ ಉಂಡೆ. ಫರ್ಝಾನಳಿಗೆ ಹೇಳಬೇಕಾಗಿ ಬಂತು. ಅವಳು ಸಂಜೆ ಫೋನ್ ಮಾಡಿದಾಗಲೆಲ್ಲ ನೋಂಬಿನ ಬಗ್ಗೆ ಕೇಳುತ್ತಾಳೆ, ಸುಳ್ಳು ಹೇಳಲಾಗಲಿಲ್ಲ.

"ಉಮ್ಮಾ, ಇಟ್ಸ್ ಜಸ್ಟ್ ಅ ಜಾಬ್" ಎಂದಳು.

"ಹೌದು" ಎಂದೆ. ಅವಳು ಉಂಡಳೇ ಎಂದು ಕೇಳಿದೆ. ಎಸ್ ಎಂದಳು. ನಾನು ಉಂಡೆನೇ ಎಂದು ಅವಳು ಕೇಳಲಿಲ್ಲ. ನಮ್ಮ ಊರಿನಲ್ಲಿ ದಾರಿಯಲ್ಲಿ ಸಿಕ್ಕವರೆಲ್ಲ ಮೊದಲು ಕೇಳುವ ಮಾತು ಅದು, ಊಟ ಆಯ್ತಾ ಎಂದು. ಅವಳ ಇಂಗ್ಲಿಷಿನಲ್ಲಿ ಅದಕ್ಕೆ ಜಾಗವಿಲ್ಲ, ಅವಳ ತಪ್ಪೇನೂ ಅಲ್ಲ.

ರಂಝಾನ್ ಮುಗಿದು ಪೆರ್ನಾಳ್ ಹಬ್ಬ ಕಳೆದ ಮೇಲೆ ಕೆವಿನ್ ಬಂದು ಕೂತ. ಅಪ್ಪನನ್ನು ಬ್ರೀಡ್ ಅತ್ತೆಯ ಬಳಿಗೆ ಕರೆದೊಯ್ಯುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಅಲ್ಲಿ ಅವರ ಮಾತು ತಿಳಿಯುವವರಿದ್ದಾರೆ, ಒಬ್ಬರೇ ಉಣ್ಣಬೇಕಾಗಿಲ್ಲ. ಸರಿಯಾದ ನಿರ್ಧಾರ. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅವರು ಹೋದ ದಿನ ಗೇಟಿನ ಬಳಿ ವೀಲ್‌ಚೇರಿನಲ್ಲಿ ಕುಳಿತವರು ಎಡಗೈಯಿಂದ ನನ್ನ ತಲೆಯ ಮೇಲಿನ ಶಾಲನ್ನು ಮುಟ್ಟಿದರು. ಕಾರು ತಿರುವು ದಾಟುವವರೆಗೆ ನಿಂತೆ, ಆಮೇಲೆ ಒಳಗೆ ಹೋಗಿ ಫ್ರಿಜ್ ಖಾಲಿ ಮಾಡಿ ಒರೆಸಿದೆ. ಬಾಡಿದ ಬೆಂಡೆಕಾಯಿ ಇನ್ನೂ ಇತ್ತು.

ಮುಂದಿನ ಮನೆ ಸಿಗುವವರೆಗೆ ಏಜೆನ್ಸಿಯ ರೂಮಿನಲ್ಲಿ ಉಳಿದೆ. ಮಂಚದ ಮೇಲೆ ಮಂಚ, ಪ್ರತಿಯೊಬ್ಬರಿಗೂ ಬೇರೆ ಡ್ಯೂಟಿ. ಒಬ್ಬಳು ಎದ್ದಾಗ ಇನ್ನೊಬ್ಬಳು ಮಲಗಿರುತ್ತಾಳೆ, ಹೆಸರು ತಿಳಿಯುವಷ್ಟರಲ್ಲಿ ಮಂಚ ಬದಲಾಗಿರುತ್ತದೆ. ಕೆಲಸವಿಲ್ಲದ ದಿನಗಳು ಹೇಗೂ ಇವೆ, ಬಾಕಿ ನೋಂಬುಗಳನ್ನು ಹಿಡಿದು ತೀರಿಸೋಣ ಎಂದು ಶುರು ಮಾಡಿದೆ. ಮೇ ತಿಂಗಳು. ಹೊರಗೆ ಬೆಂಕಿ, ಒಳಗೆ ಎಸಿಯ ಗೊರಗೊರ. ಊರಿಡೀ ತಿನ್ನುತ್ತಿರುವಾಗ ಒಬ್ಬಳೇ ನೋಂಬು ಹಿಡಿಯುವುದು ರಂಝಾನಿನ ಹಾಗಲ್ಲ. ಅಲ್ಲಿ ಎಲ್ಲರ ಹಸಿವೂ ಜೊತೆಗಿರುತ್ತದೆ, ಇಲ್ಲಿ ನನ್ನದು ಮಾತ್ರ.

ಮೊದಲನೆಯ ನೋಂಬಿನ ದಿನ ಇಳಿಹೊತ್ತಿನ ಅಸರ್ ನಮಾಝ್ ಮುಗಿಸಿ ಮಲಗಿದ್ದೆ. ಫೋನ್ ಬಡಿಯಿತು. ಬ್ರೀಡ್.

ಪರದೆಯಲ್ಲಿ ಮೊದಲು ಅವರ ಕೆನ್ನೆ, ಆಮೇಲೆ ಅಡುಗೆಮನೆಯ ಮೇಜು, ಮೇಜಿನ ತುದಿಯಲ್ಲಿ ಸಾಹೇಬರು. ದಪ್ಪ ಸ್ವೆಟರ್ ಹಾಕಿದ್ದರು. ಹಿಂದೆ ಬಾಗಿಲು ತೆರೆದೇ ಇತ್ತು, ಗಾಳಿಗೆ ಕ್ಯಾಲೆಂಡರ್ ಪಟಪಟ ಎನ್ನುತ್ತಿತ್ತು. ಎದುರಿಗೆ ತಟ್ಟೆಯಲ್ಲಿ ಆಲೂಗಡ್ಡೆ, ಮುಟ್ಟಿರಲಿಲ್ಲ.

"ಚೆನ್ನಾಗಿದ್ದಾನೆ, ನಮ್ಮ ಭಾಷೆಯಲ್ಲಿ ಒಂದೊಂದೇ ಮಾತು ಬರುತ್ತಿದೆ, ಚೆನ್ನಾಗಿ ತಿನ್ನುತ್ತಿದ್ದ" ಎಂದರು ಬ್ರೀಡ್. "ನಿನ್ನೆಯಿಂದ ಚಮಚ ಕೆಳಗಿಟ್ಟು ಕೂತಿದ್ದಾನೆ. ನಾವೆಲ್ಲ ಅವನ ಎದುರೇ ಉಂಡೆವು. ನಮ್ಮನ್ನು ಕೇಳುತ್ತಿಲ್ಲ ಅವನು. ಆ ಹೆಂಗಸು ಉಂಡಳೇ ಎಂದು ಕೇಳುತ್ತಿದ್ದಾನೆ."

"ಉಂಡಿದ್ದಾಳೆ ಎಂದು ಹೇಳಿ."

"ಹೇಳಿದೆ. ತಾನು ನೋಡಲಿಲ್ಲ ಎನ್ನುತ್ತಾನೆ."

ಸಾಹೇಬರು ಪರದೆಯ ಹತ್ತಿರ ಬಾಗಿದರು. ಮುಖ ಇನ್ನಷ್ಟು ಸಣ್ಣದಾಗಿತ್ತು. ಆ ಎಡಗೈ ಮೇಜಿನ ಮೇಲೆ ಸುಮ್ಮನೆ ಇತ್ತು. ಕಿಟಕಿಯಲ್ಲಿ ಬಿಸಿಲು ಇನ್ನೂ ಗಟ್ಟಿಯಾಗಿತ್ತು, ಮಗ್ರಿಬ್ ದೂರ. ಸಂಜೆಯವರೆಗೆ ಕಾಯಿರಿ ಎನ್ನಬಹುದಿತ್ತು, ಅವರೂ ಕಾಯುತ್ತಿದ್ದರು, ಕಾಯುವುದೇ ಅವರ ಕೆಲಸವಲ್ಲವೇ. ಈ ನೋಂಬು ಸಾಹೇಬರ ಸಲುವಾಗಿಯೇ ಬಾಕಿ ಉಳಿದದ್ದು. ಅದನ್ನು ತೀರಿಸುವಾಗ ಮತ್ತೆ ಮುರಿಯುವುದು ತಪ್ಪು. ಈ ಸಲ ಜೀವ ಉಳಿಸುವ ನೆಪವೂ ಇಲ್ಲ, ಅಲ್ಲಿ ಅವರಿಗೆ ಜನರಿದ್ದಾರೆ. ನನಗೆ ಗೊತ್ತಿತ್ತು, ಎಲ್ಲ ಗೊತ್ತಿತ್ತು.

ಪಕ್ಕದ ಮಂಚದವಳ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಕುಬೂಸ್ ರೊಟ್ಟಿ ಇತ್ತು, ಬೆಳಗಿನದು, ರಟ್ಟಿನ ಹಾಗೆ ಆಗಿತ್ತು. ಹರಿದು ಬಾಯಿಗೆ ಹಾಕಿದೆ. ಒಣಗಿದ ಬಾಯಲ್ಲಿ ಅದು ಬೇಗ ಮೆತ್ತಗಾಗಲಿಲ್ಲ. ಸಾಹೇಬರು ನನ್ನ ಗಂಟಲನ್ನು ನೋಡುತ್ತಿದ್ದರು. ಫೋನನ್ನು ಇನ್ನಷ್ಟು ಹತ್ತಿರ ಹಿಡಿದು ನುಂಗಿದೆ.

ಅವರು ಚಮಚ ಎತ್ತಿದರು. ಒಂದು ತುತ್ತು ತಿಂದು, ನಿಲ್ಲಿಸಿ, ಬ್ರೀಡ್ ಕಡೆ ತಿರುಗಿ ಏನೋ ಹೇಳಿದರು.

"ಇನ್ನೊಂದು ತುತ್ತು ತಿನ್ನಬೇಕಂತೆ ನೀನು" ಎಂದರು ಬ್ರೀಡ್.

ಮುರಿದದ್ದಂತೂ ಮುರಿದಾಗಿತ್ತು. ನಾನು ಇನ್ನೊಂದು ತುಂಡು ಹರಿದೆ. ಇಷ್ಟು ದೊಡ್ಡ ಭೂಮಿಯ ಮೇಲೆ ನಾನು ಉಂಡೆನೋ ಇಲ್ಲವೋ ಎಂದು ತನ್ನ ಊಟ ಬಿಟ್ಟು ಕಾದವರು ಅವರೊಬ್ಬರೇ, ಅವರಿಗೆ ನನ್ನ ಹೆಸರು ಗೊತ್ತಿಲ್ಲ.